ವೆಂಡೆಲನ ನಲವತ್ತು

ಗುರುವಾರ, ಕೊನೆಯ ಗಂಟೆ ಹೊಡೆದ ಮೇಲೆ,
ಕಲೊಚದ ಶಾಲೆಯಲ್ಲಿ ಮರಗೆಲಸದ ಕೋಣೆ ನಮ್ಮದು.
ಆರು ಮಕ್ಕಳು, ಒಂದು ಹಳೆಯ ಲ್ಯಾಪ್‌ಟಾಪು,
ರಟ್ಟು, ತಿರುಪು, ಮೂರು ಪುಟಾಣಿ ಮೋಟಾರು ಸೇರಿಸಿ ಮಾಡಿದ ತೋಳು,
ಅದರ ತುದಿಗೆ ಅಂಟುಪಟ್ಟಿ ಸುತ್ತಿ ನಿಲ್ಲಿಸಿದ ಕ್ಯಾಮೆರಾ.

ಊರಿಗೆ ಊರೇ ಮೆಣಸಿನಕಾಯಿಯದು.
ಸೆಪ್ಟೆಂಬರ್ ಬಂತೆಂದರೆ ಸೂರಿನಡಿ ಸರಗಳು,
ಗಿರಣಿಯ ಮುಂದೆ ಸೀನದೆ ದಾಟಿದವರಿಲ್ಲ.
ಹಾಗಾಗಿ ಯಂತ್ರಕ್ಕೂ ಮೊದಲ ಪಾಠ ಅದೇ:
ಕೆಂಪು ಬಲಬುಟ್ಟಿಗೆ, ಹಸಿರು ಎಡಬುಟ್ಟಿಗೆ.

"ಅದಕ್ಕೆ ಕಣ್ಣಿದೆ, ನೋಟವಿಲ್ಲ," ಎಂದೆ ನಾನು,
"ನೀವು ತೋರಿಸಿ ಹೆಸರು ಹೇಳಿದರೆ ಕಲಿಯುತ್ತದೆ,
ಎತ್ತಿಕೊಂಡ ಕೂಸಿಗೆ ಚಂದ್ರನನ್ನು ತೋರಿಸಿದ ಹಾಗೆ."
ತಲೆಗೆ ನಲವತ್ತರಂತೆ ಫೋಟೋ ಹಂಚಿದೆ.
ಬೊರೋಕ ಹತ್ತು ನಿಮಿಷದಲ್ಲಿ ಮುಗಿಸಿ ಕಿಟಕಿ ಹತ್ತಿ ಕೂತಳು.
ವೆಂಡೆಲ್ ಮಾತ್ರ ಕತ್ತಲಾಗುವವರೆಗೆ,
ಒಂದೊಂದು ಕಾಯಿಯನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ.
ಶ್ರದ್ಧೆ ಎಂದುಕೊಂಡೆ. ಹಾಗೆಂದು ಅವನ ಮನೆಗೂ ಬರೆದೆ.

ಮುಂದಿನ ವಾರ ತೋಳು ಎದ್ದಿತು, ಗರ್ ಎಂದಿತು,
ಹಸಿರು ಕಾಯೊಂದನ್ನು ನಾಜೂಕಾಗಿ ಹಿಡಿದು
ಬಲಬುಟ್ಟಿಗೆ ಹಾಕಿ, ಶಭಾಷ್ ಅನ್ನಿ ಎಂಬಂತೆ ನಿಂತಿತು.
ಮಕ್ಕಳು ಬಿದ್ದು ಬಿದ್ದು ನಕ್ಕರು.
ತಂತಿ ಬದಲಿಸಿದೆವು. ದೀಪ ಬದಲಿಸಿದೆವು.
ಝೊಂಬೋರ್ ಕ್ಯಾಮೆರಾದ ಗಾಜನ್ನು ಅಂಗಿಯಿಂದ ಒರೆಸಿ
ಇನ್ನಷ್ಟು ಮಂಕು ಮಾಡಿದ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಇನ್ನೂರ ನಲವತ್ತು ಚಿತ್ರ ಒಂದೊಂದಾಗಿ ತೆರೆದೆ.
ಐದು ಮಕ್ಕಳ ಪಾಲಿನಲ್ಲಿ ಲೋಪವಿಲ್ಲ.
ಆರನೆಯದರಲ್ಲಿ ಹಸಿರು ಕೆಂಪಾಗಿತ್ತು, ಕೆಂಪು ಹಸಿರಾಗಿತ್ತು,
ಕೆಲವು ಸರಿಯೂ ಇದ್ದವು,
ಕಣ್ಣು ಮುಚ್ಚಿ ಎಸೆದ ಕಲ್ಲೂ ಒಮ್ಮೊಮ್ಮೆ ತಾಗುವಂತೆ.
ನೋಡುತ್ತ ನೋಡುತ್ತ ಹೊಳೆಯಿತು:
ಅವನು ಆರಿಸಿದ್ದು ಬಣ್ಣ ನೋಡಿ ಅಲ್ಲ.
ಸುಕ್ಕಿದ್ದರೆ ಕೆಂಪು, ಮಿರುಗಿದರೆ ಹಸಿರು,
ತೊಟ್ಟು ಬಾಡಿದ್ದರೆ ಕೆಂಪು.
ಹನ್ನೊಂದು ವರ್ಷ ಹೀಗೇ ದಾಟಿಸಿದ್ದ,
ಬಣ್ಣದ ಪೆನ್ಸಿಲಿನ ಮೈಮೇಲಿನ ಅಕ್ಷರ ಓದಿ,
ಹೆಸರು ಅಳಿಸಿಹೋದ ಪೆನ್ಸಿಲನ್ನು ಮುಟ್ಟದೆ.

ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು.
ಬೆರಳು ಕೀಲಿಯ ಮೇಲೇ ಇತ್ತು.
ಅವನೊಬ್ಬನನ್ನೇ ಬೇಗ ಬರಹೇಳಿ ಕೇಳಿದೆ.
ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ನೆಲಕ್ಕೆ ಹೇಳಿದ:
"ಅಜ್ಜಿಗೆ ಹೇಳಬೇಡಿ ಪಿರೊಶ್ಕ ನೇನಿ,
ಸರ ಪೋಣಿಸೋದನ್ನೂ ತಪ್ಪಿಸಿಬಿಡ್ತಾಳೆ."

ಮಿಕ್ಕವರಿಗೆ ತಾನೇ ಹೇಳಿದ. ಮತ್ತೆ, ಅವನೇ ಬೇಕೆಂದದ್ದರಿಂದ,
ಅವನ ನಲವತ್ತನ್ನಷ್ಟೇ ಉಣಿಸಿ ಯಂತ್ರಕ್ಕೆ ಇನ್ನೊಂದು ನೋಟ ಕೊಟ್ಟೆವು.
ತೋಳು ಎತ್ತಿತು, ಇಳಿಸಿತು, ಎಡಕ್ಕೆ, ಬಲಕ್ಕೆ.
ತಪ್ಪೆಣಿಸುತ್ತ ಬೊರೋಕ ಬೆರಳು ಮಡಿಸಿದಳು, ಬೆರಳು ಸಾಲಲಿಲ್ಲ.
ವೆಂಡೆಲ್ ಎರಡೂ ಬುಟ್ಟಿಗೆ ಬಗ್ಗಿ ನೋಡಿ
"ಎಲ್ಲಾ ಸರಿಯಾಗೇ ಇದೆಯಲ್ಲ," ಎಂದ.
ಯಾರೂ ನಗಲಿಲ್ಲ.
ಬೊರೋಕ ಮಡಿಸಿದ ಬೆರಳನ್ನು ಒಂದೊಂದಾಗಿ ಬಿಚ್ಚಿದಳು.

ನಮ್ಮ ಭಾಷೆಯಲ್ಲಿ ಕೆಂಪಿಗೆ ಎರಡು ಮಾತು:
ಸೇಬಿಗೆ, ಆಟಿಕೆಗೆ ಪಿರೊಶ್; ವೈನಿಗೆ, ನೆತ್ತರಿಗೆ ವೊರೊಶ್.
"ಎರಡಕ್ಕೂ ಏನು ವ್ಯತ್ಯಾಸ ನೇನಿ?" ಎಂದು ಕೇಳಿದ,
"ನೋಡಿದರೆ ಗೊತ್ತಾಗತ್ತಾ?"
ಹೆಸರಲ್ಲೇ ಕೆಂಪು ಹೊತ್ತು ಐವತ್ತು ವರ್ಷ ತಿರುಗಿದವಳು
ಬಾಯಿ ತೆರೆದೆ, ಮುಚ್ಚಿದೆ.

ಮೇಜಿನ ಮೇಲೆ ತೋಳು
ಅರೆಹಣ್ಣಾದ ಒಂದು ಕಾಯಿ ಹಿಡಿದು
ಎರಡು ಬುಟ್ಟಿಗಳ ನಡುವೆ ನಡುಗುತ್ತಿತ್ತು.
ಪರದೆಯಲ್ಲಿ ಐವತ್ತೊಂದು, ನಲವತ್ತೊಂಬತ್ತು, ಮತ್ತೆ ಐವತ್ತು.
ಝೊಂಬೋರ್ ಸ್ವಿಚ್ಚಿಗೆ ಕೈ ಚಾಚಿದ.
"ತಾಳು," ಎಂದ ವೆಂಡೆಲ್, "ಯೋಚಿಸ್ತಾ ಇದೆ."